ಗ್ರೂಪಿಗೂ ಸೂತಕ ಉಂಟು

ನಮ್ಮ ಮನೆತನದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ತೀರ್ಥಹಳ್ಳಿಯಿಂದ ನ್ಯೂಜೆರ್ಸಿವರೆಗೆ ಹರಡಿಕೊಂಡಿರುವ 53 ಜನ ಇದ್ದೇವೆ. ಇಲ್ಲಿ ಹೀಗಿರಬೇಕು, ಹಾಗಿರಬಾರದು ಅಂತ ಯಾರೂ ಬರೆದಿಟ್ಟಿಲ್ಲ. ಆದರೂ ರಾಶಿ ನಿಯಮಗಳಿವೆ. ಒಂದೊಂದೂ ಯಾರದ್ದೋ ಮಾನ ಹೋದ ಮೇಲೆ ಹುಟ್ಟಿದ್ದು. ಅದರಲ್ಲಿ ಒಂದು ನನ್ನ ಕೊಡುಗೆ.

ಅವತ್ತು ಚಿಕ್ಕಪ್ಪನ 60ನೇ ಹುಟ್ಟುಹಬ್ಬ. ಬೆಳಿಗ್ಗೆಯಿಂದ ಗ್ರೂಪಿನಲ್ಲಿ ಕೇಕು, ಬಲೂನು, ಹೂಗುಚ್ಛಗಳ ಸುರಿಮಳೆ. ನಾನು ಆಫೀಸಿಗೆ ಹೊರಟವನು ಲಿಫ್ಟಿನಲ್ಲಿ ನಿಂತುಕೊಂಡೇ ಟೈಪ್ ಮಾಡಿದೆ: "ಹೋಳಿಗೆ ಊಟ ಯಾವತ್ತು? ನಾನಂತೂ ಹಿಂದಿನ ದಿನವೇ ಬಂದು ಠಿಕಾಣಿ ಹೂಡ್ತೀನಿ!" ಜೊತೆಗೆ ಕೆಂಪು ಲಂಗದ ಕುಣಿಯುವ ಹುಡುಗಿಯ ಎಮೋಜಿ. ಒಬ್ಬಳು ಸಾಲದು ಅಂತ ಮೂವರು. ಲಿಫ್ಟಿನೊಳಗೆ ಸಿಗ್ನಲ್ ಇಲ್ಲ, ಮೆಸೇಜಿನ ಪಕ್ಕ ಪುಟ್ಟ ಗಡಿಯಾರ ಬಂದು ಕೂತಿತು. ನಮ್ಮ ಲಿಫ್ಟೋ, ಪ್ರತಿ ಮಹಡಿಯಲ್ಲೂ ನಿಂತು ಯೋಗಕ್ಷೇಮ ವಿಚಾರಿಸಿಕೊಂಡು ಇಳಿಯುವಂಥದ್ದು. ಆಮೇಲೆ ಬೇಸ್‌ಮೆಂಟು, ಅಲ್ಲೂ ಸಿಗ್ನಲ್ ಇಲ್ಲ.

ಆ ಐದಾರು ನಿಮಿಷದಲ್ಲಿ ತೀರ್ಥಹಳ್ಳಿಯ ದೊಡ್ಡಜ್ಜಿ, ಅಂದರೆ ನಮ್ಮಜ್ಜನ ಅಕ್ಕ, 92 ವರ್ಷ, ತೀರಿಕೊಂಡ ಸುದ್ದಿಯನ್ನು ಅವರ ಮಗ ಗ್ರೂಪಿಗೆ ಹಾಕಿದ್ದರು. ನನ್ನ ಬೈಕು ಗೇಟು ದಾಟಿತು. ಸಿಗ್ನಲ್ ಬಂತು. "ಅಮ್ಮ ಇಂದು ಬೆಳಿಗ್ಗೆ ನಮ್ಮನ್ನಗಲಿದರು" ಅನ್ನುವುದರ ಸರಿಯಾಗಿ ಕೆಳಗೆ ನನ್ನ ಹೋಳಿಗೆ ಊಟ ಹೋಗಿ ಕೂತಿತು. ಮೂರು ಹುಡುಗಿಯರ ಸಮೇತ.

ನಮ್ಮ ಕಡೆ ವೈಕುಂಠ ಸಮಾರಾಧನೆಗೂ ಹೋಳಿಗೆ ಮಾಡುತ್ತಾರೆ. ಅದು ನೆನಪಾಗಿದ್ದು ಸಿಗ್ನಲ್‌ನಲ್ಲಿ ಬೈಕ್ ನಿಲ್ಲಿಸಿ ಫೋನ್ ತೆಗೆದಾಗ.

ಕಳಿಸಿದ್ದನ್ನು ಎಲ್ಲರ ಫೋನಿನಿಂದಲೂ ಅಳಿಸುವ ಅನುಕೂಲ 2017ರಿಂದ ಇದೆ. ಕೈ ನಡುಗುತ್ತಿತ್ತು, ಹಿಂದಿನ ಕಾರಿನವನು ಹಾರ್ನ್ ಹೊಡೀತಿದ್ದ, 'ಡಿಲೀಟ್ ಫಾರ್ ಎವ್ರಿವನ್' ಒತ್ತುವ ಬದಲು 'ಡಿಲೀಟ್ ಫಾರ್ ಮಿ' ಒತ್ತಿಬಿಟ್ಟೆ. ಹೀಗೆ ಕೈತಪ್ಪುವವರಿಗೆ ಅಂತಲೇ ಐದು ಸೆಕೆಂಡು 'ಅನ್‌ಡು' ಅಂತ ತೋರಿಸುತ್ತದಂತೆ. ಆ ಐದು ಸೆಕೆಂಡು ನಾನು ದೇವರಿಗೆ ಕೈಮುಗಿಯುತ್ತಿದ್ದೆ. ಮೆಸೇಜು ಮಾಯವಾಗಿತ್ತಲ್ಲ!

ಆಫೀಸು ಮುಟ್ಟುವಷ್ಟರಲ್ಲಿ ಅಕ್ಕನ ಫೋನು.

"ಏನೋ ಅದು, ಹೆಣದ ಮುಂದೆ ಕುಣಿಯೋದು?"

"ಅಳಿಸಿದೆನಲ್ಲೇ ಅಕ್ಕ."

"ಎಲ್ಲಿ ಅಳಿಸಿದ್ದೀಯ? ನನ್ನ ಫೋನಲ್ಲಿ ಇನ್ನೂ ಮೂರೂ ಜನ ಕುಣೀತಿದ್ದಾರೆ."

53 ಜನರ ಗ್ರೂಪಿನಲ್ಲಿ ಅದು ಕಾಣದೇ ಇದ್ದದ್ದು ನನ್ನೊಬ್ಬನಿಗೆ.

ಆಮೇಲೆ ಗೊತ್ತಾಯಿತು, ಲಿಫ್ಟಿನಿಂದ ಎಡವಟ್ಟಾಗಿದ್ದು ನನಗೇ ಮೊದಲಲ್ಲ. 1982ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಯಾರೋ ಕಂಪ್ಯೂಟರಿನಲ್ಲಿ, ಲಿಫ್ಟಿನೊಳಗೆ ಪಾದರಸ ಚೆಲ್ಲಿದೆ ಅಂತ ತಮಾಷೆ ಬರೆದರಂತೆ. ಕೆಲವರು ಅದನ್ನು ನಿಜ ಅಂತಲೇ ನಂಬಿದರು. ಇನ್ನು ಮೇಲೆ ತಮಾಷೆಗೆ ಒಂದು ಗುರುತು ಬೇಕು ಅಂತ ಮಾತಾಗಿ, ಸೆಪ್ಟೆಂಬರ್ 19ರಂದು ಸ್ಕಾಟ್ ಫಾಲ್‌ಮನ್ ಎಂಬವರು ಎರಡು ಚುಕ್ಕೆ, ಒಂದು ಅಡ್ಡಗೆರೆ, ಒಂದು ಬ್ರಾಕೆಟ್ ಸೇರಿಸಿ ಅಡ್ಡ ಮಲಗಿದ ನಗುಮುಖ ಸೂಚಿಸಿದರು. ಅವರ ಲಿಫ್ಟಿನಿಂದ ಜಗತ್ತಿಗೆ ನಗು ಸಿಕ್ಕಿತು. ನಮ್ಮ ಲಿಫ್ಟಿನಿಂದ ಗ್ರೂಪಿಗೆ ಸೂತಕ ಸಿಕ್ಕಿತು.

ಹೌದು, ಸೂತಕ. ನನ್ನ ಹೋಳಿಗೆ ಆದ ಮೇಲೆ ಗ್ರೂಪು ಸ್ತಬ್ಧ. ಬರೀ "ಓಂ ಶಾಂತಿ". ಚಿಕ್ಕಪ್ಪನ ಅರವತ್ತು 11 ಶುಭಾಶಯಕ್ಕೆ ನಿಂತುಹೋಯಿತು (ಅವರೇ ಎಣಿಸಿ ಹೇಳಿದ್ದು). ಆದರೆ ಮೌನ ಎಲ್ಲಿಯವರೆಗೆ? ಮನುಷ್ಯರ ಸೂತಕಕ್ಕಾದರೆ ಮೂರೋ ಹತ್ತೋ ಅಂತ ಲೆಕ್ಕ ಇದೆ, ಕೇಳಿದರೆ ಹೇಳಲು ಭಟ್ಟರಿದ್ದಾರೆ. ಗ್ರೂಪಿನ ಸೂತಕಕ್ಕೆ ಯಾರನ್ನು ಕೇಳುವುದು? ಮಾರನೇ ದಿನ ಬೆಳಿಗ್ಗೆ ಐದೂವರೆಗೆ ದೊಡ್ಡಮ್ಮ, ಎಂದಿನಂತೆ, ಇಬ್ಬನಿ ಮೆತ್ತಿದ ಗುಲಾಬಿ ಹಾಕಿ "ಶುಭೋದಯ" ಅಂದರು. ಅಷ್ಟೇ. ಏಳು ನಿಮಿಷಕ್ಕೆ ಒಂದು ಮನೆಮದ್ದು ಬಂತು, ಆಮೇಲೆ ಒಂದು ಜೋಕು. ಅವತ್ತಿನಿಂದ ಅದೇ ಪದ್ಧತಿ: ಯಾರೇ ಹೋಗಲಿ, ದೊಡ್ಡಮ್ಮನ ಗುಲಾಬಿ ಅರಳುವವರೆಗೆ ಯಾರೂ ಉಸಿರೆತ್ತುವಂತಿಲ್ಲ. ನ್ಯೂಜೆರ್ಸಿಯ ತಮ್ಮನಿಗೆ ಆಗಿನ್ನೂ ಹಿಂದಿನ ದಿನದ ಸಂಜೆ. ಅವನ ಸೂತಕ ಅದೇ ದಿನ ಕಳೆಯುತ್ತದೆ, ಪುಣ್ಯವಂತ.

ವಿಚಿತ್ರ ಏನು ಗೊತ್ತಾ? ಒಂದು ಫಾರ್ವರ್ಡನ್ನು ಒಮ್ಮೆಗೆ ಐದೇ ಕಡೆ ಕಳಿಸಬಹುದು ಅಂತ 2018ರಲ್ಲಿ ಕಂಪನಿಯವರೇ ಕಡಿವಾಣ ಹಾಕಿದರು. ನಮ್ಮ ಭಾವ ಐದೈದರಂತೆ ಹತ್ತು ಸಲ ಕಳಿಸಿ ಅದನ್ನು ನಿವಾಳಿಸಿ ಬಿಸಾಕಿದರು. ಅಂಥ ಭಾವ ಗುಲಾಬಿಗೆ ಮಾತ್ರ ಕಾಯುತ್ತಾರೆ.

ಇನ್ನು ನನ್ನ ವಿಷಯ. ದೊಡ್ಡಜ್ಜಿಯ ಮಗ ನನಗೆ ಮಾವ ಆಗಬೇಕು. ಕ್ಷಮೆ ಕೇಳಿ ಅವರಿಗೆ ಉದ್ದಕ್ಕೆ ಬರೆದೆ. ಬಂದ ಉತ್ತರ ಒಂದೇ ಸಾಲು: "13ನೇ ದಿನ, ಮನೆಯಲ್ಲೇ. ಹೋಳಿಗೆ ಇದೆ." ಬೈದದ್ದೋ, ಕರೆದದ್ದೋ ಗೊತ್ತಾಗಲಿಲ್ಲ. ಹೋಗದಿದ್ದರೆ ಇನ್ನೂ ತಪ್ಪು ಅಲ್ವಾ ಅಂತ ಹೋದೆ. ಪಂಕ್ತಿಯ ಕೊನೆಯಲ್ಲಿ ತಲೆ ತಗ್ಗಿಸಿ ಕೂತಿದ್ದೆ. ಮಾವ ತಾವೇ ಬಡಿಸುತ್ತಾ ಬಂದು, ಎಲೆಗೆ ಎರಡು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದು, ಬಗ್ಗಿ ಕಿವಿಯಲ್ಲಿ ಕೇಳಿದರು: "ಹಿಂದಿನ ದಿನವೇ ಬರ್ತೀನಿ ಅಂದಿದ್ಯಲ್ಲೋ?"