ಹಳೇ ಟ್ರಾಫಿಕ್ ಅಂತ ತಾತ್ಸಾರ ಬೇಡ

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೂತು ಹೊರದೇಶದ ಒಂದು ಕಂಪನಿಯ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಆ ಕಂಪನಿಯ ಲೆಕ್ಕವೆಲ್ಲ ನಡೆಸುವ ಹಳೇ ಕಾಲದ ದೊಡ್ಡ ಕಂಪ್ಯೂಟರ್ ನೋಡಿ "ಮೇನ್‌ಫ್ರೇಮ್ ಇನ್ನೂ ಇದೆಯಾ?" ಅಂತ ಹೊಸಬರು ನಕ್ಕಾಗಲೆಲ್ಲ ನನಗೆ ಬೇಜಾರಾಗುತ್ತದೆ. ಇದೆ. ರಾತ್ರಿಯ ಲೆಕ್ಕವೆಲ್ಲ ಅದರ ಮೇಲೇ ಓಡುತ್ತದೆ.

ಮೇನ್‌ಫ್ರೇಮ್‌ಗಳು ಮಾತಾಡುವುದಕ್ಕೆ ಅಂತ ಐಬಿಎಂ ತನ್ನ ಎಸ್‌ಎನ್‌ಎ ನೆಟ್‌ವರ್ಕ್ ತಂದಿದ್ದು 1974ರಲ್ಲಿ. ಅದರಲ್ಲಿ ಕಳಿಸಿದ್ದಕ್ಕೆಲ್ಲ ಬೇಗ ಉತ್ತರ ಬರಬೇಕು. ತಡವಾದರೆ ಸೆಷನ್ನೇ, ಅಂದರೆ ಎರಡು ತುದಿಯ ಸಂಪರ್ಕವೇ, ಕಡಿದುಹೋಗುತ್ತಿತ್ತು. ಹಾಗಾಗಿ ತೊಂಬತ್ತರ ದಶಕದಲ್ಲಿ ಒಂದು ಉಪಾಯ ಬಂತು. ಆ ತುದಿಯ ಉತ್ತರಕ್ಕೆ ಕಾಯದೆ ಈ ತುದಿಯ ರೌಟರೇ "ಬಂತು" ಅಂತ ಹೇಳಿಬಿಡುವುದು, ಮಧ್ಯದ ದಾರಿಯನ್ನು, ಕಳೆದುಹೋದದ್ದನ್ನು ಮತ್ತೆ ಕಳಿಸುವ ಇಂಟರ್ನೆಟ್ ವಿಧಾನವಾದ ಟಿಸಿಪಿಗೆ ಬಿಡುವುದು. ಎಷ್ಟು ಚೆಂದದ ಯೋಚನೆ ಅಲ್ವಾ!

ಈಗ ನಾವು ಬಳಸುವುದು ಎಂಟರ್‌ಪ್ರೈಸ್ ಎಕ್ಸ್‌ಟೆಂಡರ್ ಅನ್ನುವ ವಿಧಾನ. ಎಸ್‌ಎನ್‌ಎ ಡೇಟಾ ಯುಡಿಪಿ ಅನ್ನುವ ಇಂಟರ್ನೆಟ್ ಪ್ಯಾಕೆಟ್‌ನೊಳಗೆ ಕೂತು ಮಾಮೂಲಿ ಐಪಿ ಬ್ಯಾಕ್‌ಬೋನ್, ಅಂದರೆ ಕಂಪನಿಯ ಮುಖ್ಯ ಜಾಲದ ಮೇಲೆ ಹೋಗುತ್ತದೆ. ಅದರ ಪೋರ್ಟ್‌ಗಳು, ಅಂದರೆ ಡೇಟಾ ಹೋಗುವ ಬಾಗಿಲ ಸಂಖ್ಯೆಗಳು, 12000ರಿಂದ 12004. ಮೊದಲನೆಯದು ಲಿಂಕ್ ಕಟ್ಟುವುದಕ್ಕೆ. ಉಳಿದ ನಾಲ್ಕು, ನಾಲ್ಕು ದರ್ಜೆಯ ಆದ್ಯತೆಗೆ.

ಹೋದ ವರ್ಷ ಫೈರ್‌ವಾಲ್, ಅಂದರೆ ಪಟ್ಟಿಯಲ್ಲಿರುವ ಪೋರ್ಟ್ ಮಾತ್ರ ಬಿಡುವ ಕಾವಲು ಪೆಟ್ಟಿಗೆ, ಬದಲಾಯಿಸಿದೆವು. ಲಿಂಕ್ ಕೂಡಿಕೊಂಡಿತು. ಸ್ಕ್ರೀನ್‌ಗಳೆಲ್ಲ ಪಟಪಟ ತೆರೆದುಕೊಂಡವು. ಎಲ್ಲ ಸರಿ ಅಂತ ಮನೆಗೆ ಹೋದೆವು. ರಾತ್ರಿ ಒಂದೂವರೆಗೆ ಫೋನ್. ಬ್ಯಾಚ್ ಫೈಲ್, ಅಂದರೆ ರಾತ್ರಿ ಒಟ್ಟಿಗೆ ಓಡುವ ಲೆಕ್ಕದ ಫೈಲ್, ಒಂದೂ ಹೋಗುತ್ತಿಲ್ಲ. ಲಾಗ್ ನೋಡಿ ನೋಡಿ ಕಣ್ಣು ಉರಿಯಿತು. ಕೊನೆಗೆ ಮೇನ್‌ಫ್ರೇಮ್ ಟೀಮಿನ ಹಿರಿಯರಿಗೆ ಫೋನ್ ಮಾಡಿದೆ. ನಿದ್ದೆಯಿಂದ ಎದ್ದವರು ಒಂದೇ ಮಾತು ಕೇಳಿದರು: "12004 ತೆರೆದಿದ್ದೀಯೇನಪ್ಪಾ?"

ತೆರೆದಿರಲಿಲ್ಲ. ಬ್ಯಾಚ್ ಹೋಗುವುದು ಕಡಿಮೆ ಆದ್ಯತೆಯಲ್ಲಿ, ಆ ಕೊನೇ ಪೋರ್ಟ್‌ನಲ್ಲಿ. ನಮ್ಮ ಪಟ್ಟಿಯಲ್ಲಿ ಅದೊಂದೇ ಬಿಟ್ಟುಹೋಗಿತ್ತು.

ತಪ್ಪು ಹಳೇ ತಂತ್ರಜ್ಞಾನದ್ದಲ್ಲ, ನಮ್ಮದು. ಬ್ಯಾಕ್‌ಬೋನ್ ನಕ್ಷೆ ಬರೆಯುವಾಗ ಮೇನ್‌ಫ್ರೇಮ್‌ನವರನ್ನು ನಾವು ಕರೆಯುವುದೇ ಇಲ್ಲ. ಆ ಪ್ಯಾಕೆಟ್‌ಗಳು ತಮ್ಮ ಆದ್ಯತೆಯ ಗುರುತನ್ನು ಹೊತ್ತುಕೊಂಡೇ ಬರುತ್ತವೆ. ಅಂಚಿನ ರೌಟರ್‌ನಲ್ಲಿ ನಾವೇ ಅದನ್ನು ಅಳಿಸಿ ಸೊನ್ನೆ, ಅಂದರೆ ಆದ್ಯತೆಯೇ ಇಲ್ಲದಂತೆ, ಮಾಡುತ್ತೇವೆ. ಆಮೇಲೆ "ನಿಮ್ಮ ಸಿಸ್ಟಂ ನಿಧಾನ" ಅಂತ ಅವರಿಗೇ ಹೇಳುತ್ತೇವೆ. ಇದು ಅನ್ಯಾಯ.

"ಎಲ್ಲ ಕಿತ್ತು ಹೊಸದಾಗಿ ಬರೆಯಿರಿ" ಅನ್ನುವವರಿಗೆ ಒಂದು ಮಾತು. ಆ ಪ್ರೋಗ್ರಾಂಗಳಲ್ಲಿ ದಶಕಗಳ ವ್ಯವಹಾರದ ನಿಯಮ ಕೂತಿದೆ. ಬರೆದವರು ಎಷ್ಟೋ ಜನ ಈಗ ಕೆಲಸದಲ್ಲಿಲ್ಲ. ಅಷ್ಟು ಸುಲಭ ಅಲ್ಲ. ಅಲ್ಲಿವರೆಗೆ ಅದಕ್ಕೆ ಸರಿಯಾದ ದಾರಿ ಕೊಡುವುದು ನಮ್ಮ ಕೆಲಸ.

ಈಗ ನನ್ನ ಚೇಂಜ್ ಫಾರ್ಮ್‌ನಲ್ಲಿ ಐದು ಪೋರ್ಟ್‌ಗೂ ಒಂದೊಂದು ಸಾಲು. ಸ್ಕ್ರೀನ್ ತೆರೆದರೆ ಸಾಲದು, ಒಂದು ಬ್ಯಾಚ್ ಫೈಲ್ ಆ ಕಡೆ ತಲುಪಬೇಕು. ಆ ಹಿರಿಯರು ಮುಂದಿನ ತಿಂಗಳು ನಿವೃತ್ತರಾಗುತ್ತಾರೆ. ದಿನಾ ಊಟ ಆದಮೇಲೆ ಅರ್ಧ ಗಂಟೆ ಅವರ ಪಕ್ಕ ಕೂತು ಬರೆದುಕೊಳ್ಳುತ್ತಿದ್ದೇನೆ. ಎರಡನೇ ನೋಟ್‌ಬುಕ್ ನಡೆಯುತ್ತಿದೆ.