ವೊಂಕನ ಫ್ಯಾಕ್ಟರಿಗೆ ಅತ್ತೆಯೂ ಬಂದರು

ದೊಡ್ಡವರಾದ ಮೇಲೆ ಮಕ್ಕಳ ಸಿನಿಮಾ ನೋಡಬಾರದು. ಕಣ್ಣಿಗೆ ಬೇಡದ್ದೆಲ್ಲ ಬೀಳುತ್ತೆ. 'ವಿಲ್ಲಿ ವೊಂಕ ಅಂಡ್ ದ ಚಾಕಲೇಟ್ ಫ್ಯಾಕ್ಟರಿ' ಇದೆಯಲ್ಲ, 1971ರದ್ದು, ಜೀನ್ ವೈಲ್ಡರ್ ನೇರಳೆ ಕೋಟು ಹಾಕಿಕೊಂಡು ಬರ್ತಾನಲ್ಲ, ಅದೇ. ಚಿಕ್ಕವಳಿದ್ದಾಗ ದೊಡ್ಡಮ್ಮನ ಮನೆ ವಿಸಿಆರ್‌ನಲ್ಲಿ ನೋಡಿದ್ದೆ. ಆಗ ನನಗೆ ಕಂಡಿದ್ದು ಚಾಕಲೇಟಿನ ಹೊಳೆ. ಈಗ ಮಗನಿಗೆ ತೋರಿಸೋಣ ಅಂತ ಹಾಕಿದರೆ, ಇಷ್ಟು ದೊಡ್ಡ ಹೊಳೆಗೆ ಒಂದು ಬೇಲಿ ಯಾಕಿಲ್ಲ ಅನ್ನೋದೇ ಮೊದಲು ಕಂಡಿತು.

ಜೊತೆಗೆ ಅತ್ತೆ ಬೇರೆ ಇದ್ದರು. ನೆನೆಸಿದ ಅವರೆಕಾಳಿನ ಪಾತ್ರೆ ಇಟ್ಟುಕೊಂಡು ಟಿವಿ ಮುಂದೆ ಹಿತುಕುತ್ತಾ ಕೂತಿದ್ದರು. ಅವರಿಗೆ ಇಂಗ್ಲಿಷ್ ಬರಲ್ಲ. ಹಾಗಾಗಿ ಮಾತಿಗೆ ಮರುಳಾಗಲ್ಲ, ಯಾರು ಏನು ಮಾಡ್ತಿದ್ದಾರೆ ಅನ್ನೋದನ್ನಷ್ಟೇ ನೋಡ್ತಾರೆ.

ಕಥೆ ನಿಮಗೆ ಗೊತ್ತಿರಬಹುದು. ಚಾರ್ಲಿ ಅನ್ನೋ ಬಡ ಹುಡುಗ. ಮನೆಯಲ್ಲಿ ಒಂದೇ ಮಂಚ, ಅದರ ಮೇಲೆ ಈ ತುದಿಗೆ ಇಬ್ಬರು ಆ ತುದಿಗೆ ಇಬ್ಬರು ಅಂತ ನಾಲ್ಕು ಜನ ಅಜ್ಜ ಅಜ್ಜಿಯರು. 20 ವರ್ಷದಿಂದ ಎದ್ದೇ ಇಲ್ಲವಂತೆ. ಊಟಕ್ಕೆ ಎಲೆಕೋಸಿನ ನೀರು. ಹುಡುಗ ಮನೆಮನೆಗೆ ಪೇಪರ್ ಹಾಕಿ, ಸಂಬಳ ಬಂದ ದಿನ ಒಂದು ಬ್ರೆಡ್ ತರುತ್ತಾನೆ. 'ಚಿನ್ನದಂಥ ಹುಡುಗ' ಅಂದರು ಅತ್ತೆ. ಅಷ್ಟರಲ್ಲಿ ಅವನು ಉಳಿದ ದುಡ್ಡನ್ನು ಜೋ ಅಜ್ಜನ ತಂಬಾಕಿಗೆ ಕೊಟ್ಟ. ಅತ್ತೆ ಹಿತುಕೋದು ನಿಲ್ಲಿಸಿ ನನ್ನ ಮುಖ ನೋಡಿದರು.

ಆಮೇಲೆ ಚಾರ್ಲಿಗೆ ಫ್ಯಾಕ್ಟರಿ ನೋಡೋ ಬಂಗಾರದ ಟಿಕೆಟ್ ಸಿಗುತ್ತೆ. ಜೊತೆಗೆ ಒಬ್ಬರು ಬರಬಹುದು. ತಗೊಳ್ಳಿ, 20 ವರ್ಷ ಮಲಗಿದ್ದ ಆ ಅಜ್ಜ ಮಂಚದಿಂದ ಇಳಿದ. ಒಂದೆರಡು ಸಲ ತಡವರಿಸಿದ. ಮೂರನೇ ನಿಮಿಷಕ್ಕೆ ಕುಣೀತಿದ್ದಾನೆ! ಹಾಡು ಬೇರೆ! ಚಿಕ್ಕಂದಿನಲ್ಲಿ ಇದೇ ಹಾಡಿಗೆ ನಾವೂ ದೊಡ್ಡಮ್ಮನ ಮಂಚದ ಮೇಲೆ ಕುಣಿದಿದ್ದೆವು.

'ಕಾಲಿಗೇನೂ ಆಗಿರ್ಲಿಲ್ಲ ಅಂತಾಯ್ತು' ಅಂದರು ಅತ್ತೆ. ಸಿಟ್ಟಿಗೆ ಎರಡು ಬೆರಳು ಜೋರಾಗಿ ಒತ್ತಿದವು. ಸಿಪ್ಪೆ ಕೈಯಲ್ಲೇ ಉಳಿದು ಕಾಳು ಚಿಮ್ಮಿ ಹೋಗಿ ನೇರ ಟಿವಿಗೆ ಬಡಿಯಿತು. 'ನಮ್ಮ ಮಾವನೋರೂ ಹಿಂಗೇ ಕಣಮ್ಮ. ಗದ್ದೆ ಅಂದ್ರೆ ಸೊಂಟ ನೋವು. ಜಾತ್ರೆ ಅಂದ್ರೆ ಎಲ್ಲರಿಗಿಂತ ಮೊದಲು ಪಂಚೆ ಉಟ್ಕೊಂಡು ಬಾಗಿಲಲ್ಲಿ ನಿಂತಿರೋರು.' ಮಂಡಿ ನೋವಿಟ್ಟುಕೊಂಡೇ ಬೆಳಿಗ್ಗೆ ಐದಕ್ಕೆ ಎದ್ದು ಬಾಗಿಲಿಗೆ ನೀರು ಹಾಕೋ ಹೆಂಗಸು ಇದನ್ನ ಹೇಳಿದರೆ ಎದುರು ಮಾತಾಡೋಕಾಗುತ್ತಾ?

'ಅದಿರ್ಲಿ, ಅವನ ತಾಯಿನ ಯಾಕೆ ಕರ್ಕೊಂಡು ಹೋಗಲ್ಲ?'

ನಿಜವಾಗಲೂ ನನಗೆ ಇದು ಯಾವತ್ತೂ ತಲೆಗೇ ಬಂದಿರಲಿಲ್ಲ. ಚಾರ್ಲಿಯ ಅಮ್ಮ ಬಟ್ಟೆ ಒಗೆಯೋ ಕೆಲಸದವಳು. ಹಬೆಯಾಡೋ ದೊಡ್ಡ ದೊಡ್ಡ ತೊಟ್ಟಿಗಳಲ್ಲಿ ಬೇರೆಯವರ ಬಟ್ಟೆ ತಿರುವುತ್ತಾ ನಿಂತಿರುತ್ತಾಳೆ, ಮನೆಗೆ ಬಂದರೆ ಮಂಚದ ಮೇಲಿನ ನಾಲ್ವರ ಸೇವೆ. ಅವಳಿಗೂ ಒಂದು ಹಾಡಿದೆ, ಬೇಜಾರಾಗಬೇಡ ಮಗ ಅಂತ. ತೀರಾ ನಿಧಾನದ ಹಾಡು. ಅದು ಬಂದ ತಕ್ಷಣ ನಾವು ಫಾರ್ವರ್ಡ್ ಬಟನ್ ಒತ್ತುತ್ತಿದ್ದೆವು. ಈ ಸಲ ನನ್ನ ಮಗ ರಿಮೋಟಿಗೆ ಕೈ ಹಾಕಿದ್ದ, ಅತ್ತೆ ಆ ಕೈ ಮೇಲೆ ಒಂದು ಕೊಟ್ಟರು. ಹಾಡು ಪೂರ್ತಿ ಕೇಳಿದೆವು. ಚೆನ್ನಾಗೇ ಇದೆ.

ಫ್ಯಾಕ್ಟರಿ ಬಾಗಿಲಲ್ಲಿ ಅದರ ಮಾಲೀಕ ವೊಂಕ ಕೋಲೂರಿಕೊಂಡು ಕುಂಟುತ್ತಾ ಬರುತ್ತಾನೆ, ಕೋಲು ಕಲ್ಲಿಗೆ ಕಚ್ಚಿಕೊಳ್ಳುತ್ತೆ, ಬಿದ್ದೇ ಬಿಟ್ಟ ಅನ್ನುವಾಗ ಲಾಗ ಹಾಕಿ ಎದ್ದು ನಿಲ್ಲುತ್ತಾನೆ. ಹೀಗೆ ಬರೋಕೆ ಬಿಟ್ಟರೆ ಮಾತ್ರ ಪಾರ್ಟು ಮಾಡ್ತೀನಿ ಅಂತ ವೈಲ್ಡರ್ ಷರತ್ತು ಹಾಕಿದ್ದನಂತೆ, ಅಲ್ಲಿಂದ ಮುಂದೆ ಇವನು ನಿಜ ಹೇಳ್ತಾನೋ ಸುಳ್ಳೋ ಯಾರಿಗೂ ಗೊತ್ತಾಗಬಾರದು ಅಂತ. ಒಳ್ಳೆ ಐಡಿಯಾ. ನನ್ನ ಮಗನಿಗೂ ಹಾಗೇ ಅನಿಸಿತು. ಅಜ್ಜಿಯ ಕೋಲು ತಗೊಂಡು ಬಾಗಿಲಿಂದ ಕುಂಟಿಕೊಂಡು ಬಂದ, ಸೋಫಾ ಪಕ್ಕ ಲಾಗ ಹಾಕಿದ, ಕಾಲು ಹೋಗಿ ಅವರೆಬೇಳೆ ಪಾತ್ರೆಗೆ ತಗುಲಿತು.

ಹಿತುಕಿದ ಬೇಳೆಯನ್ನು ನೆಲದಿಂದ ಆರಿಸಿದ್ದೀರಾ? ಜಾರುತ್ತೆ. ಹಿಡಿದಷ್ಟೂ ಮುಂದಕ್ಕೆ ಓಡುತ್ತೆ. ನಾವು ಮೂರು ಜನ ಸೋಫಾ ಕೆಳಗೆ ತಲೆ ಹಾಕಿಕೊಂಡಿದ್ದಾಗ ಟಿವಿಯಲ್ಲಿ ದೋಣಿ ಸುರಂಗಕ್ಕೆ ನುಗ್ಗಿತು. ಕೋಳಿಯ ಕತ್ತು ಕತ್ತರಿಸೋದು, ಯಾರದೋ ಮುಖದ ಮೇಲೆ ಜರಿ ಹರಿಯೋದು, ವೊಂಕನ ಕಿರುಚಾಟ. ಕಾಫಿ ಲೋಟ ಹಿಡಿದು ಬಂದ ನಮ್ಮವರು ಟಿವಿ ನೋಡಿ, ನಮ್ಮನ್ನು ನೋಡಿ, 'ಇಷ್ಟೊಂದು ಹೆದರೋ ಅಂಥದ್ದು ಮಗುಗೆ ಯಾಕೆ ತೋರಿಸ್ತೀಯ?' ಅಂದರು. ಬೇಳೆ ಆರಿಸ್ತಿದ್ದೀವಿ ಅಂತ ಹೇಳಿದರೂ ನಂಬಲಿಲ್ಲ.

ಆ ಚಾಕಲೇಟ್ ಹೊಳೆಯ ವಿಷಯ ಹೇಳಿಬಿಡ್ತೀನಿ. ಶೂಟಿಂಗ್ ನಡೆದಿದ್ದು ಜರ್ಮನಿಯ ಮ್ಯೂನಿಕ್‌ನಲ್ಲಿ. ನೀರಿಗೆ ಚಾಕಲೇಟು, ಕ್ರೀಮು ಕಲಸಿ ಹೊಳೆ ಮಾಡಿದ್ದರು, ಅದು ಕೆಟ್ಟು ನಾತ ಹೊಡೆಯೋಕೆ ಶುರುವಾಯ್ತಂತೆ. ಪಾಪ, ಅದರಲ್ಲಿ ಬಿದ್ದ ಹುಡುಗ! ವೊಂಕ ಕಚಕ್ಕನೆ ಕಚ್ಚಿ ತಿನ್ನೋ ಹೂವಿನಾಕಾರದ ಟೀ ಕಪ್ ಮೇಣದ್ದು. ಇಷ್ಟಕ್ಕೂ ಸಿನಿಮಾಗೆ ದುಡ್ಡು ಹಾಕಿದ್ದು ಕ್ವೇಕರ್ ಓಟ್ಸ್ ಕಂಪನಿ, ತಾನು ಹೊಸದಾಗಿ ಮಾರಬೇಕಿದ್ದ ಚಾಕಲೇಟಿನ ಪ್ರಚಾರಕ್ಕೆ. ಕಥೆ ಬರೆದ ರೋಲ್ಡ್ ಡಾಲ್‌ಗೆ ಸಿನಿಮಾ ಹಿಡಿಸಲೇ ಇಲ್ಲ. ಚಾರ್ಲಿ ಪಾರ್ಟು ಮಾಡಿದ ಹುಡುಗ ಮತ್ತೆ ಸಿನಿಮಾ ಕಡೆ ಹೋಗದೆ ದನದ ಡಾಕ್ಟರಾದ. ಇದನ್ನು ಕೇಳಿ ಅತ್ತೆಗೆ ತುಂಬಾ ಖುಷಿಯಾಯಿತು.

ನೆಕ್ಕೋ ವಾಲ್‌ಪೇಪರ್ ಇರೋ ಸೀನು ಬಂದಾಗಲೇ ನಾನು ಎಚ್ಚರವಾಗಿದ್ದೆ. ಆದರೂ ಅಡುಗೆಮನೆಗೆ ಹೋಗಿ ಬರೋಷ್ಟರಲ್ಲಿ ಕ್ಯಾಲೆಂಡರ್‌ನಲ್ಲಿದ್ದ ದ್ರಾಕ್ಷಿ ಗೊಂಚಲು ಒದ್ದೆಯಾಗಿತ್ತು. 'ಇಂಕಿನ ಥರ ಇದೆ' ಅಂದ ಮಗ. ಗೋಡೆಯನ್ನೂ ನೋಡಿದ್ದಾನೆ ಅಂತ ತುಟಿ ಮೇಲಿನ ಬಿಳಿ ಪುಡಿಯಿಂದ ಗೊತ್ತಾಯಿತು.

ಕೊನೆಗೆ ಚಾರ್ಲಿ ಎಲ್ಲ ಕಳ್ಕೊಳ್ಳೋ ಹಂತಕ್ಕೆ ಬರ್ತಾನಲ್ಲ, ಕೇಳದೆ ಗ್ಯಾಸ್ ಪಾನಕ ಕುಡಿದರು ಅಂತ? ಕುಡಿಯೋಣ, ಯಾರೂ ನೋಡ್ತಿಲ್ಲ ಅಂದಿದ್ದು ಯಾರು ಹೇಳಿ? ಅಜ್ಜ! ಅತ್ತೆ ಏನೂ ಹೇಳಲಿಲ್ಲ. ಹೇಳೋ ಅಗತ್ಯ ಇರಲಿಲ್ಲ.

ಮಗನಿಗೆ ಮಾತ್ರ ಹೊಳೆಗಿಂತ ಜಾಸ್ತಿ ಹಿಡಿಸಿದ್ದು, ಒಳಗೆ ಬಿಡೋ ಮೊದಲು ವೊಂಕ ಮಕ್ಕಳ ಹತ್ತಿರ ಸಹಿ ಹಾಕಿಸೋ ಗೋಡೆ ಮೇಲಿನ ಕರಾರು ಪತ್ರ. ಹೋಗ್ತಾ ಹೋಗ್ತಾ ಅಕ್ಷರ ಸಣ್ಣದಾಗುತ್ತಲ್ಲ, ಅದು. ಮಾರನೇ ದಿನ ಫ್ರಿಜ್ ಮೇಲೆ ಒಂದು ಹಾಳೆ ಅಂಟಿತ್ತು. ಮೇಲೆ ದಪ್ಪ ಅಕ್ಷರದಲ್ಲಿ 'ನಾನು ದಿನಾ ಹಾಲು ಕುಡಿಯುತ್ತೇನೆ'. ಕೆಳಗೆ ಹೋದಂತೆ ಇರುವೆ ಸಾಲು. ಅದರ ಕೆಳಗೆ ನಮ್ಮವರ ಸಹಿ. ಇನ್ಶೂರೆನ್ಸ್ ಪೇಪರಿಗೆ ಹಾಕೋ ಹಾಗೇ ಹಾಕಿದ್ದಾರೆ, ಓದದೆ.

ಅತ್ತೆಯ ಕನ್ನಡಕ ಹಾಕಿಕೊಂಡು ಓದಿದೆ. ದಿನಾ ಸಂಜೆ ಎರಡು ಚಾಕಲೇಟು, ಉಪ್ಪಿಟ್ಟು ಬಂದ್. ಚೌಕಾಸಿ ಇನ್ನೂ ನಡೀತಿದೆ. ಸದ್ಯಕ್ಕೆ ಒಂದು ಚಾಕಲೇಟಿಗೆ ಇಳಿದಿದ್ದಾನೆ, ಉಪ್ಪಿಟ್ಟಿನ ವಿಷಯದಲ್ಲಿ ಅಪ್ಪನೂ ಅವನ ಪಾರ್ಟಿ.