ಕೊಡೋಕೆ ಒಂದು ಬೆರಳು, ನಿಲ್ಲಿಸೋಕೆ ನೂರೆಂಟು ಬಾಗಿಲು

2025ರಲ್ಲಿ ನಮ್ಮ ರಾಜ್ಯದಲ್ಲಿ ಬೆಲೆ ಏರಿಕೆ ಬಗ್ಗೆ ಎಷ್ಟು ಗಲಾಟೆ ಆಯ್ತು ಅಂತ ನೆನಪಿದೆಯಲ್ಲ? ಜನವರಿಯಲ್ಲಿ ಬಸ್ ದರ ಶೇ 15ರಷ್ಟು ಏರಿತು. ಫೆಬ್ರವರಿಯಲ್ಲಿ ನಮ್ಮ ಮೆಟ್ರೋದ ಗರಿಷ್ಠ ಟಿಕೆಟ್ 60 ರೂಪಾಯಿಯಿಂದ 90ಕ್ಕೆ ಹೋಯ್ತು. ಏಪ್ರಿಲ್ ಒಂದನೇ ತಾರೀಖು ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಜಾಸ್ತಿ. ಮೂರಕ್ಕೂ ಪ್ರತಿಭಟನೆ ಆಯ್ತು, ಟಿವಿಯಲ್ಲಿ ಕೂಗಾಟ ಆಯ್ತು, ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಇಬ್ಬರು ಮಾತು ಬಿಟ್ಟರು. ಆಗಲಿ, ತಪ್ಪೇನಿಲ್ಲ. ಬೆಲೆ ಏರಿದಾಗ ಜನ ಕೇಳಲೇಬೇಕು.

ಈಗ ಇನ್ನೊಂದು ಲೆಕ್ಕ ನೋಡಿ. ಜೊಮ್ಯಾಟೊ 2023ರ ಆಗಸ್ಟ್‌ನಲ್ಲಿ ಪ್ರತಿ ಆರ್ಡರಿಗೆ 2 ರೂಪಾಯಿ ‘ಪ್ಲಾಟ್‌ಫಾರ್ಮ್ ಫೀ’ ಶುರು ಮಾಡಿತು. ಅದಕ್ಕೂ ಮೊದಲೇ ಅದೇ ಏಪ್ರಿಲ್‌ನಲ್ಲಿ ಸ್ವಿಗ್ಗಿ 2 ರೂಪಾಯಿಯಿಂದಲೇ ಶುರು ಮಾಡಿತ್ತು. 2025ರ ಸೆಪ್ಟೆಂಬರ್ ಹೊತ್ತಿಗೆ ಜೊಮ್ಯಾಟೊದ ಫೀ 12 ರೂಪಾಯಿ. ಎರಡೇ ವರ್ಷದಲ್ಲಿ ಆರು ಪಟ್ಟು! ಯಾರಾದರೂ ಫ್ರೀಡಂ ಪಾರ್ಕಿಗೆ ಹೋದರಾ? ಯಾರಾದರೂ ಖಾಲಿ ಡಬ್ಬ ಹಿಡಿದು ರಸ್ತೆ ಮೇಲೆ ಕೂತರಾ? ಇಲ್ಲ. ಅರ್ಧ ಜನಕ್ಕೆ ಗೊತ್ತೇ ಆಗಿಲ್ಲ. ಯಾಕಂದ್ರೆ ಅದು ಬಿಲ್ಲಿನ ಕೆಳಗೆ ಒಂದು ಪುಟ್ಟ ಬಾಣದ ಗುರುತು ಒತ್ತಿದರೆ ಮಾತ್ರ ಬಿಚ್ಚಿಕೊಳ್ಳುವ ಸಾಲಿನಲ್ಲಿ ಕೂತಿರುತ್ತೆ.

ಊಟಕ್ಕೆ ದುಡ್ಡು ಕೊಟ್ಟಾಯ್ತು, ತಂದುಕೊಟ್ಟವನ ಹೆಸರಲ್ಲಿ ಡೆಲಿವರಿ ಚಾರ್ಜ್ ಕೊಟ್ಟಾಯ್ತು, ಪ್ಯಾಕಿಂಗಿಗೆ ಕೊಟ್ಟಾಯ್ತು. ಅದರ ಮೇಲೆ ಇದು ಯಾತಕ್ಕೆ? ನಮ್ಮೂರ ಶೆಟ್ಟರು ಸಾಮಾನು ಕಟ್ಟಿಕೊಟ್ಟು, ಚೀಟಿಯ ಕೊನೆಗೆ ‘ಅಂಗಡಿ ಮೆಟ್ಟಿಲು ಹತ್ತಿದ್ದಕ್ಕೆ 12 ರೂಪಾಯಿ’ ಅಂತ ಬರೆದಿದ್ದರೆ ಬೀದಿಯೇ ಸೇರಿ ಜಗಳ ಆಡುತ್ತಿತ್ತು.

ಇಷ್ಟು ಓದಿದ ಮೇಲೆ ಕೆಲವರು ‘ಬಂದ್ರಪ್ಪಾ, ಹಳೇ ಕಾಲವೇ ಚಂದ ಅನ್ನೋರು’ ಅಂತ ಟೈಪ್ ಮಾಡೋಕೆ ಶುರು ಮಾಡಿರ್ತೀರಿ. ತಡೀರಿ. ನನಗೆ ಹಳೇ ಕಾಲದ ಮೋಹ ಇಲ್ಲ. ಬ್ಯಾಂಕಿನಲ್ಲಿ ಟೋಕನ್ ಹಿಡಿದು ಕೂತವಳು ನಾನು. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹಿಂದೆ ಬಾಕಿ ಚಿಲ್ಲರೆ ಬರೆದುಕೊಟ್ಟು, ಇಳಿಯೋ ಸ್ಟಾಪ್ ಬಂದಾಗ ಅವರು ಹಿಂದಿನ ಬಾಗಿಲಲ್ಲಿ, ನಾನು ಮುಂದಿನ ಬಾಗಿಲಲ್ಲಿ, ಮಧ್ಯೆ ಅರವತ್ತು ಜನ. ಆ ಚಿಲ್ಲರೆ ಎಷ್ಟು ಸಲ ಕೆಎಸ್‌ಆರ್‌ಟಿಸಿಗೇ ಉಳಿಯಿತೋ ದೇವರಿಗೇ ಗೊತ್ತು. ಒಂದು ರೂಪಾಯಿ ಬದಲು ಅಂಗಡಿಯವರು ಕೊಡ್ತಿದ್ದ ಚಾಕ್ಲೇಟು ನಮ್ಮ ಪರ್ಸಿನಲ್ಲಿ ಕರಗಿ ಅಂಟಿಕೊಂಡಿದ್ದನ್ನ ಯಾರೂ ಮಿಸ್ ಮಾಡಿಕೊಳ್ಳಬೇಕಿಲ್ಲ.

2016ರಲ್ಲಿ ಬಂದ ಯುಪಿಐ ಇದನ್ನೆಲ್ಲ ಗುಡಿಸಿ ಹಾಕಿತು. 2020ರ ಜನವರಿಯಿಂದ ಅಂಗಡಿಯವರಿಗೂ ಅದರ ಮೇಲೆ ಶುಲ್ಕ ಇಲ್ಲ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದಲ್ಲಿ 2000 ಕೋಟಿಗೂ ಮೀರಿ ಯುಪಿಐ ವಹಿವಾಟು ನಡೆಯಿತು. ಅದು ಸುಮ್ಮನೆ ಆಗಿದ್ದಲ್ಲ. ಗಾಂಧಿಬಜಾರಿನಲ್ಲಿ ಮೊಳ ಮಲ್ಲಿಗೆ ತಗೊಂಡು ಸ್ಕ್ಯಾನ್ ಮಾಡಿದರೆ ಹೂವಿನವರ ಡಬ್ಬಿ ಕನ್ನಡದಲ್ಲೇ ‘ಮೂವತ್ತು ರೂಪಾಯಿ’ ಅಂತ ಕೂಗುತ್ತೆ. ನಾನು ತಪ್ಪಿ ಮುನ್ನೂರು ಒತ್ತಿದರೂ ಅವರು ನಿಂತ ಜಾಗದಲ್ಲೇ ಬಾಕಿ ವಾಪಸ್ ಹಾಕ್ತಾರೆ. ಯುಪಿಐ ಬಗ್ಗೆ ನನಗಿರೋ ಗೌರವ ಇದಕ್ಕೇ. ದುಡ್ಡು ಆ ಕಡೆಗೆ ಎಷ್ಟು ಬೇಗ ಹೋಗುತ್ತೋ, ಈ ಕಡೆಗೂ ಅಷ್ಟೇ ಬೇಗ ಬರುತ್ತೆ.

ನನ್ನ ತಕರಾರು ಶುರುವಾಗೋದು ಈ ಸಮ ತಪ್ಪಿದ ಕಡೆ. ಆ್ಯಪಿನಲ್ಲಿ ತರಿಸಿದ ಸಾಮಾನಿಗೆ ದುಡ್ಡು ಕಟ್ಟೋಕೆ ಎರಡು ಸೆಕೆಂಡು. ಅದೇ ಸಾಮಾನು ವಾಪಸ್ ಮಾಡಿದರೆ ‘ನಿಮ್ಮ ಹಣ 5ರಿಂದ 7 ಕೆಲಸದ ದಿನಗಳಲ್ಲಿ ಬರುತ್ತದೆ’. ಭಾನುವಾರ ರಾತ್ರಿ ಹನ್ನೊಂದಕ್ಕೆ ನನ್ನ ದುಡ್ಡು ತಗೊಳ್ಳೋಕೆ ಅವರಿಗೆ ಕೆಲಸದ ದಿನ ಬೇಕಾಗಿರಲಿಲ್ಲ. ಇನ್ನು ಕೆಲವರು ‘ವ್ಯಾಲೆಟ್‌ಗೆ ಹಾಕಿಸಿಕೊಂಡರೆ ಈಗಲೇ’ ಅಂತಾರೆ. ಅಂದ್ರೆ ತಕ್ಷಣ ಕೊಡೋ ಸಾಮರ್ಥ್ಯ ಇದೆ, ಆದರೆ ಆ ದುಡ್ಡನ್ನ ಮತ್ತೆ ಅವರಲ್ಲೇ ಖರ್ಚು ಮಾಡಬೇಕು.

ನಮ್ಮ ಅತ್ತಿಗೆ ಕಥೆ ಹೇಳ್ತೀನಿ. ಮಗನ ಗಣಿತಕ್ಕೆ ಅಂತ ಒಂದು ಆ್ಯಪ್. ಏಳು ದಿನದ ಟ್ರಯಲ್, ಬರೀ ಒಂದು ರೂಪಾಯಿ. ಯುಪಿಐ ಪಿನ್ ಒತ್ತಿದರು. ಒತ್ತಿದ್ದು ಒಂದು ರೂಪಾಯಿಗೆ ಅಂತ ಅವರು ಅಂದುಕೊಂಡಿದ್ದರು. ಅಸಲಿಗೆ ಒತ್ತಿದ್ದು ತಿಂಗಳು ತಿಂಗಳು ದುಡ್ಡು ತಗೊಳ್ಳಬಹುದು ಅನ್ನೋ ಒಪ್ಪಿಗೆಗೆ. ಆ ಮಾತು ಸ್ಕ್ರೀನಿನಲ್ಲಿ ಇತ್ತು, ಬೂದು ಬಣ್ಣದಲ್ಲಿ, ಇರುವೆ ಸಾಲಿನಷ್ಟು ದಪ್ಪಕ್ಕೆ. ಹುಡುಗ ಮೂರನೇ ದಿನಕ್ಕೆ ಆ್ಯಪ್ ಡಿಲೀಟ್ ಮಾಡಿದ. ದುಡ್ಡು ಮಾತ್ರ ಹೋಗ್ತಾನೇ ಇತ್ತು. ಇಲ್ಲಿ ಸ್ವಲ್ಪ ನಿಂತು ಓದಿ: ಫೋನಿನಿಂದ ಆ್ಯಪ್ ತೆಗೆದು ಹಾಕಿದರೆ ಆಟೋಪೇ, ಅಂದ್ರೆ ದುಡ್ಡು ತಾನಾಗೇ ಕಡಿತ ಆಗೋ ಏರ್ಪಾಡು, ನಿಲ್ಲಲ್ಲ. ಎಷ್ಟು ಜನ ಓದಿದವರಿಗೂ ಇದು ಗೊತ್ತಿಲ್ಲ ಅಂದ್ರೆ ಆಶ್ಚರ್ಯ ಆಗುತ್ತೆ.

ನಿಯಮ ಇಲ್ಲ ಅಂತಲ್ಲ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ಈ ತರದ ಕಡಿತಗಳಿಗೆ ಒಂದು ಚೌಕಟ್ಟು ಹಾಕಿದೆ. ದುಡ್ಡು ತೆಗೆಯೋಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸಂದೇಶ ಬರಬೇಕು, ಬೇಡ ಅನ್ನೋ ದಾರಿ ಇರಬೇಕು. 2022ರ ಜೂನ್‌ನಲ್ಲಿ, ಮತ್ತೆ ಒಟಿಪಿ ಕೇಳದೆ ತೆಗೆಯಬಹುದಾದ ಮೊತ್ತವನ್ನ 5000ದಿಂದ 15,000ಕ್ಕೆ ಏರಿಸಿದರು. ಸಂದೇಶ ಬರುತ್ತೆ, ಸುಳ್ಳಲ್ಲ. ಆದರೆ ನಿಮ್ಮ ಫೋನಿನ ಮೆಸೇಜು ಒಮ್ಮೆ ತೆಗೆದು ನೋಡಿ. ಸಾಲ ಬೇಕಾ, ಸೈಟು ಬೇಕಾ, ಕೆವೈಸಿ ಮಾಡ್ಸಿ... ಈ ಸಂತೆಯಲ್ಲಿ ‘ನಾಳೆ ನಿಮ್ಮ ಖಾತೆಯಿಂದ ಇಷ್ಟು ಹೋಗುತ್ತೆ’ ಅನ್ನೋದನ್ನ, ಅದೂ ಇಂಗ್ಲಿಷಿನಲ್ಲಿ ಇರೋದನ್ನ, ನಮ್ಮತ್ತಿಗೆ ಹೇಗೆ ಹುಡುಕಬೇಕು?

ಅತ್ತಿಗೆಯ ಫೋನಿನಲ್ಲಿ ಕೊನೆಗೆ ಅದನ್ನ ನಿಲ್ಲಿಸಿದ್ದು ಪೇಮೆಂಟ್ ಆ್ಯಪಿನ ಒಳಗೆ ಹೋಗಿ. ನಿಮ್ಮ ಫೋಟೋ ಒತ್ತಿ, ‘ಆಟೋಪೇ’ ಅಥವಾ ‘ಮ್ಯಾಂಡೇಟ್’ ಅಂತ ಇರುತ್ತೆ, ಅಲ್ಲಿ ಪಟ್ಟಿ ಸಿಗುತ್ತೆ, ರದ್ದು ಮಾಡಬಹುದು. ಫೋನಿನ ಆ್ಯಪ್ ಸ್ಟೋರ್ ಮೂಲಕ ಕೊಟ್ಟಿದ್ದರೆ ಅಲ್ಲಿನ ‘ಸಬ್‌ಸ್ಕ್ರಿಪ್ಶನ್ಸ್’ ನೋಡಬೇಕು. ಕಾರ್ಡಿನಲ್ಲಿ ಕೊಟ್ಟಿದ್ದರೆ ಬ್ಯಾಂಕಿನ ಆ್ಯಪು. ಮೂರು ಜಾಗ, ಮೂರು ಹೆಸರು. ಎಲ್ಲ ಒಂದೇ ಕಡೆ ಸಿಗೋ ಹಾಗಿದ್ದಿದ್ದರೆ ಎಷ್ಟು ಚೆನ್ನಾಗಿರ್ತಿತ್ತು ಅಂತ ಅನ್ನಿಸಿತು. ಅತ್ತಿಗೆಗೆ ಅನ್ನಿಸಿದ್ದು ಬೇರೆ, ಅದನ್ನ ಇಲ್ಲಿ ಬರೆಯೋಕಾಗಲ್ಲ.

ಈ ಚಾಳಿಗಳಿಗೆಲ್ಲ ಕಾನೂನಿನಲ್ಲಿ ಹೆಸರಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ‘ಡಾರ್ಕ್ ಪ್ಯಾಟರ್ನ್ಸ್’, ಅಂದ್ರೆ ಗ್ರಾಹಕರ ದಾರಿ ತಪ್ಪಿಸೋ ಹಾಗೆ ಆ್ಯಪು, ವೆಬ್‌ಸೈಟು ರೂಪಿಸೋದನ್ನ ತಡೆಯೋ ಮಾರ್ಗಸೂಚಿ ಹೊರಡಿಸಿ, ಅಂಥ 13 ಉಪಾಯಗಳನ್ನ ಪಟ್ಟಿ ಮಾಡಿದೆ. ಕೇಳದೆ ಬುಟ್ಟಿಗೆ ಸೇರಿಸೋದು, ‘ಇನ್ನು ಎರಡೇ ಉಳಿದಿವೆ’ ಅಂತ ಸುಳ್ಳು ಅವಸರ ಹುಟ್ಟಿಸೋದು, ಬೆಲೆಯನ್ನ ಹನಿ ಹನಿಯಾಗಿ ಕೊನೇವರೆಗೂ ಏರಿಸ್ತಾ ಹೋಗೋದು, ಬೇಡ ಅಂದವರನ್ನ ನಾಚಿಕೆಪಡಿಸೋದು. ಆ ಕೊನೇದಕ್ಕೆ ಮಾರ್ಗಸೂಚಿಯಲ್ಲೇ ಉದಾಹರಣೆ ಇದೆ: ವಿಮಾನ ಟಿಕೆಟ್ ತಗೊಳ್ಳುವಾಗ ಇನ್ಶೂರೆನ್ಸ್ ಬೇಡ ಅನ್ನೋಕೆ ‘ನಾನು ಅಸುರಕ್ಷಿತವಾಗಿಯೇ ಇರ್ತೀನಿ’ ಅನ್ನೋ ಅರ್ಥದ ಬಟನ್ ಒತ್ತಿಸೋದು. ಹೊರಡೋ ಮೊದಲೇ ಅಪಶಕುನ! 2025ರ ಜೂನ್‌ನಲ್ಲಿ ಪ್ರಾಧಿಕಾರ ಕಂಪನಿಗಳಿಗೆ ‘ಮೂರು ತಿಂಗಳಲ್ಲಿ ನಿಮ್ಮನ್ನ ನೀವೇ ಪರೀಕ್ಷೆ ಮಾಡಿಕೊಳ್ಳಿ’ ಅಂತ ಹೇಳಿತು. ತಮ್ಮ ಉತ್ತರ ಪತ್ರಿಕೆಯನ್ನ ತಾವೇ ತಿದ್ದೋ ಭಾಗ್ಯ ನಮ್ಮ ಮಕ್ಕಳಿಗೂ ಸಿಕ್ಕಿದ್ದರೆ ಎಲ್ಲರೂ ರ‍್ಯಾಂಕು.

ಇನ್ನು ‘ನೋ ಕಾಸ್ಟ್ ಇಎಂಐ’. ನನಗೆ ಲೆಕ್ಕ ಅಂದ್ರೆ ಸ್ವಲ್ಪ ಇಷ್ಟ, ಬೇಜಾರಾದರೆ ಈ ಪ್ಯಾರಾ ಹಾರಿಸಿ. 24,000ದ ಫೋನು, ತಿಂಗಳಿಗೆ 4000ದಂತೆ ಆರು ಕಂತು. ಬಡ್ಡಿಯೇ ಇಲ್ಲ ಅಂತ ಕಾಣುತ್ತೆ. ನಿಜಕ್ಕೂ ಆಗೋದೇನು ಅಂದ್ರೆ, ಬ್ಯಾಂಕು ಬಡ್ಡಿ ಹಾಕೇ ಹಾಕುತ್ತೆ, ಅಷ್ಟೇ ಮೊತ್ತವನ್ನ ಮಾರುವವರು ಫೋನಿನ ಬೆಲೆಯಲ್ಲಿ ರಿಯಾಯಿತಿ ಅಂತ ಮುರಿದುಕೊಳ್ತಾರೆ. ವರ್ಷಕ್ಕೆ ಶೇ 15ರ ಬಡ್ಡಿ ಅಂತ ಹಿಡಿದರೆ ಸಾಲ ಸುಮಾರು 22,984, ಬಡ್ಡಿ 1,016. ಆ ಬಡ್ಡಿ ಮೇಲೆ ಶೇ 18 ಜಿಎಸ್‌ಟಿ ಅಂದ್ರೆ 183 ರೂಪಾಯಿ ನಮ್ಮ ತಲೆಗೆ. ಪ್ರೊಸೆಸಿಂಗ್ ಫೀ 199 ಅಂತ ಇದ್ದರೆ, ಅದರ ಜಿಎಸ್‌ಟಿ ಸೇರಿ 235. ‘ಖರ್ಚೇ ಇಲ್ಲ’ ಅಂದಿದ್ದಕ್ಕೆ 418 ರೂಪಾಯಿ ಖರ್ಚು. ಪೂರ್ತಿ ದುಡ್ಡು ಕೊಟ್ಟವರಿಗೆ ಬೇರೆ ಆಫರ್ ಇದ್ದಿದ್ದರೆ ಅದೂ ಹೋಯ್ತು. ಶೂನ್ಯ ಬಡ್ಡಿ ಅನ್ನೋ ಪರಿಕಲ್ಪನೆಯೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಸುತ್ತೋಲೆಯಲ್ಲಿ ಹೇಳಿತ್ತು. ಬ್ಯಾಂಕುಗಳು ‘ಶೂನ್ಯ ಬಡ್ಡಿ’ ಬಿಟ್ಟವು, ಮಾರುಕಟ್ಟೆಗೆ ‘ನೋ ಕಾಸ್ಟ್’ ಬಂತು. 418 ರೂಪಾಯಿಗೆ ಯಾರ ಮನೆಯೂ ಮುಳುಗಲ್ಲ, ಕಷ್ಟದಲ್ಲಿರೋರಿಗೆ ಆರು ತಿಂಗಳ ಅವಕಾಶಕ್ಕೆ ಅದು ಒಳ್ಳೇ ದರವೇ ಇರಬಹುದು. ದರ ಅಂತ ಬಾಯಿ ಬಿಟ್ಟು ಹೇಳಲಿ, ಅಷ್ಟೇ.

‘ಬುದ್ಧಿ ಇದ್ದವರು ಮೋಸ ಹೋಗಲ್ಲ’ ಅನ್ನೋರು ಯಾವಾಗಲೂ ಇರ್ತಾರೆ. ಅವರಿಗೆ ಒಂದು ಪ್ರಯೋಗದ ವಿಷಯ. ಅಮೆರಿಕದ ಎಂಐಟಿಯ ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ 2001ರಲ್ಲಿ ಪ್ರಕಟಿಸಿದ್ದು. ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್ ಹರಾಜಿಗಿಟ್ಟು, ಕೆಲವರಿಗೆ ನಗದು ಕೊಡಬೇಕು ಅಂದರು, ಉಳಿದವರಿಗೆ ಕಾರ್ಡ್ ಅಂದರು. ಕಾರ್ಡಿನವರು ಕೂಗಿದ ಬೆಲೆ ಸರಾಸರಿ ನಗದಿನವರದ್ದರ ಎರಡು ಪಟ್ಟಿಗೂ ಹೆಚ್ಚು. ಹರಾಜು ಕೂಗಿದವರು ಎಂಬಿಎ ವಿದ್ಯಾರ್ಥಿಗಳು. ದುಡ್ಡಿನ ವಿದ್ಯೆಯನ್ನೇ ಓದ್ತಿದ್ದವರ ಗತಿ ಇದು. ಇದರಲ್ಲಿ ಬುದ್ಧಿಯ ಪ್ರಶ್ನೆ ಇಲ್ಲ. ನೋಟು ಎಣಿಸುವಾಗ ಕೈ ಸ್ವಲ್ಪ ತಡೆಯುತ್ತೆ, ಆ ತಡೆಯನ್ನ ತೆಗೆಯೋದೇ ಆ್ಯಪ್ ಮಾಡುವವರ ಕಸುಬು.

ಕೊತ್ತಂಬರಿ ಸೊಪ್ಪಿನ ವಿಷಯ ಎಲ್ಲರಿಗೂ ಗೊತ್ತಿರೋದೇ. ಒಂದು ಕಟ್ಟು ಬೇಕಿತ್ತು, ಸಣ್ಣ ಆರ್ಡರ್ ಅಂತ ಒಂದು ಫೀ, ಹ್ಯಾಂಡ್ಲಿಂಗ್ ಅಂತ ಒಂದು, ಮಳೆ ಬಂದರೆ ಮಳೆಗೊಂದು. ‘ಇನ್ನೂ ಇಷ್ಟು ಸೇರಿಸಿದರೆ ಡೆಲಿವರಿ ಉಚಿತ’ ಅಂತ ಹಸಿರು ಪಟ್ಟಿ ಕುಣಿಯುತ್ತೆ, ಚಿಪ್ಸು, ಐಸ್‌ಕ್ರೀಮು ಬರುತ್ತೆ. ಮುಂದಕ್ಕೆ ಹೋಗೋಣ.

ಆದರೂ ‘ಅಂಗಡಿಗೆ ನಡ್ಕೊಂಡು ಹೋಗಿ’ ಅಂತ ಉಪದೇಶ ಮಾಡುವವರ ಜೊತೆ ನಾನಿಲ್ಲ. ಆ ಮಾತು ಹೇಳೋ ಗಂಡಸರಲ್ಲಿ ಮುಕ್ಕಾಲು ಪಾಲು ಜನ ಸಾಮಾನು ಚೀಟಿ ಬರೆದವರೇ ಅಲ್ಲ. ಆಫೀಸಿಂದ ಏಳೂವರೆಗೆ ಬಂದು, ನಾಳೆ ಡಬ್ಬಿಗೆ ಏನು ಅಂತ ಯೋಚಿಸೋ ಹೆಂಗಸಿಗೆ ಮನೆ ಬಾಗಿಲಿಗೆ ಬೇಳೆ ಬರೋದು ಶೋಕಿ ಅಲ್ಲ. ಮಂಡಿನೋವಿನ ಅಜ್ಜನಿಗೆ ಔಷಧಿ ಬರೋದು ಶೋಕಿ ಅಲ್ಲ. ಅನುಕೂಲಕ್ಕೆ ಬೆಲೆ ಇದೆ, ಅದನ್ನ ಕೊಡೋಕೆ ನಾವು ತಯಾರಿದ್ದೀವಿ. ಆ ಬೆಲೆ ಎಷ್ಟು ಅಂತ ಮೊದಲ ಸ್ಕ್ರೀನಿನಲ್ಲೇ ತೋರಿಸಲಿ.

2025ರ ಜುಲೈನಲ್ಲಿ ಏನಾಯ್ತು ನೋಡಿ. ನಮ್ಮ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ದಾಖಲೆ ತೆಗೆದು ಬೇಕರಿ, ಟೀ ಅಂಗಡಿ, ತರಕಾರಿ ವ್ಯಾಪಾರಿಗಳಿಗೆಲ್ಲ ಜಿಎಸ್‌ಟಿ ನೋಟಿಸ್ ಕಳಿಸಿತು. ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ ಅನ್ನೋದು ನಿಯಮ. ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು ‘ನೋ ಯುಪಿಐ, ಓನ್ಲಿ ಕ್ಯಾಶ್’ ಬೋರ್ಡ್ ಬಿದ್ದವು. ಕೊನೆಗೆ ಮುಖ್ಯಮಂತ್ರಿಗಳೇ ಸಭೆ ಕರೆದು, ನೋಂದಣಿ ಮಾಡಿಸಿಕೊಳ್ಳಿ, ಹಳೇ ಬಾಕಿ ವಸೂಲಿ ಇಲ್ಲ ಅಂತ ಹೇಳಬೇಕಾಯ್ತು. ತೆರಿಗೆ ಸರಿಯೋ ತಪ್ಪೋ ಆಮೇಲೆ ಮಾತಾಡೋಣ. ನನ್ನನ್ನ ಕಾಡಿದ್ದು ಇದು: ಬೋಂಡಾ ಕರಿಯೋರು ನಾಲ್ಕು ವರ್ಷದಲ್ಲಿ ಎಷ್ಟು ಸಂಪಾದಿಸಿದರು ಅಂತ ಪೈಸೆ ಲೆಕ್ಕದಲ್ಲಿ ಹೇಳಬಲ್ಲ ತಂತ್ರಜ್ಞಾನ ನಮ್ಮಲ್ಲಿದೆ. ಅದೇ ತಂತ್ರಜ್ಞಾನಕ್ಕೆ, ಈ ವರ್ಷ ನಾನು ಬರೀ ಫೀ, ಚಾರ್ಜು, ಮರೆತ ಸಬ್‌ಸ್ಕ್ರಿಪ್ಶನ್ ಅಂತ ಎಷ್ಟು ಕೊಟ್ಟೆ ಅನ್ನೋದನ್ನ ಒಂದು ಪುಟದಲ್ಲಿ ತೋರಿಸೋಕೆ ಆಗಲ್ವಂತೆ. ವರ್ಷದ ಕೊನೆಗೆ ‘ನೀವು ಅತಿ ಹೆಚ್ಚು ತಿಂದಿದ್ದು ಮಸಾಲೆ ದೋಸೆ’ ಅಂತ ಬಣ್ಣಬಣ್ಣದ ಕಾರ್ಡ್ ಕಳಿಸೋಕೆ ಆಗುತ್ತೆ.

ಜರ್ಮನಿಯಲ್ಲಿ 2022ರ ಜುಲೈ 1ರಿಂದ ಒಂದು ನಿಯಮ ಇದೆ. ವೆಬ್‌ಸೈಟಿನಲ್ಲಿ ಚಂದಾ ಮಾರುವವರು ಅದೇ ವೆಬ್‌ಸೈಟಿನಲ್ಲಿ, ಲಾಗಿನ್ ಕೂಡ ಕೇಳದೆ, ಎದ್ದು ಕಾಣೋ ಹಾಗೆ ‘ರದ್ದು ಮಾಡಿ’ ಬಟನ್ ಇಡಲೇಬೇಕು. ಇಡದಿದ್ದರೆ ಗ್ರಾಹಕ ಯಾವಾಗ ಬೇಕಾದರೂ ನೋಟಿಸ್ ಅವಧಿಯಿಲ್ಲದೆ ಹೊರಗೆ ಬರಬಹುದು. ನಮ್ಮ ಮಾರ್ಗಸೂಚಿಯೂ ರದ್ದತಿಯನ್ನ ಕಷ್ಟ ಮಾಡೋದನ್ನ ‘ಸಬ್‌ಸ್ಕ್ರಿಪ್ಶನ್ ಟ್ರ್ಯಾಪ್’ ಅಂತ ಕರೆದು ನಿಷೇಧಿಸಿದೆ. ಆದರೆ ಇಂಥದ್ದೇ ಬಟನ್, ಇಂಥದ್ದೇ ಜಾಗದಲ್ಲಿ ಅಂತ ಹೇಳಿಲ್ಲ. ಅದನ್ನ ಹೇಳಿಸಬೇಕು. ಕನ್ನಡದಲ್ಲಿ ಜಾಹೀರಾತು ಹಾಕಿ ಚಂದಾ ಮಾರುವವರು ಕಡಿತದ ಸಂದೇಶವನ್ನೂ ಕನ್ನಡದಲ್ಲೇ ಕಳಿಸಬೇಕು ಅನ್ನೋದನ್ನೂ ಸೇರಿಸಿ.

ಅಲ್ಲಿವರೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಕನ್ನಡದಲ್ಲೂ ಮಾತಾಡ್ತಾರೆ. ಪೋಸ್ಟ್ ಓದಿ ಮುಗಿಸಿದ ಮೇಲೆ ನಿಮ್ಮ ಪೇಮೆಂಟ್ ಆ್ಯಪಿನ ಆಟೋಪೇ ಪಟ್ಟಿ ತೆಗೆದು ನೋಡಿ. ನಿಮ್ಮದಾದ ಮೇಲೆ ಅಮ್ಮನ ಫೋನಿನದ್ದೂ.